ಶಿಂಗಾಭಟ್ಟರ ಗಂಟು, ಬಾಗಿಲಲ್ಲಿ ಕಟ್ಟಿದ ಕತ್ತೆ

ಬನ್ನಿ, ಬನ್ನಿ, ಹತ್ತಿರ ಕೂತ್ಕೊಳ್ಳಿ. ನಡುವೆ ಬಾಯಿ ಹಾಕಿದವರಿಗೆ ಕಥೆಯೂ ಇಲ್ಲ, ಕಡಲೆಯೂ ಇಲ್ಲ.

ಮಣಿಗೆರೆ ಅಂತ ಒಂದು ರಾಜ್ಯ. ಅಲ್ಲಿ ಶಿಂಗಾಭಟ್ಟರು ಅಂತ ಒಬ್ಬ ಮುದಿ ಪುರೋಹಿತರು. ರಾಜಕುಮಾರಿ ಹೊನ್ನಾದೇವಿ ಹಟ ಹಿಡಿದಳು: "ನನ್ನ ಮದುವೆ ಆ ಅಜ್ಜನೇ ಮಾಡಿಸಬೇಕು!"

ಆಸ್ಥಾನದ ಪುರೋಹಿತ ಭುಜಂಗಶಾಸ್ತ್ರಿಗೆ ಹೊಟ್ಟೆಕಿಚ್ಚು ಹತ್ತಿತು. ಹೋಗಿ "ಈ ಮುದುಕ ಮುಹೂರ್ತ ತಪ್ಪಿಸ್ತಾನೆ" ಅಂತ ರಾಜನ ಕಿವಿ ಊದಿದ. ರಾಜ ಭಟ್ಟರನ್ನು ಕರೆಸಿ ಹೇಳಿದ: "ಮುಹೂರ್ತ ತಪ್ಪಿತೋ, ನಿಮ್ಮನ್ನ ಕತ್ತೆ ಮೇಲೆ ಹಿಂದುಮುಂದಾಗಿ ಕೂರಿಸಿ ಗಡಿ ದಾಟಿಸ್ತೀನಿ."

ಪಾಪ, ಭಟ್ಟರಿಗೆ ಆ ವಯಸ್ಸಿನಲ್ಲಿ ಊರು ಬಿಟ್ಟರೆ ಇನ್ನೆಲ್ಲಿ? ಮನೆಗೆ ಬಂದು ಮದುವೆ ಸಾಮಾನಿನ ಗಂಟು ಕಟ್ಟತೊಡಗಿದರು. ಹೆಂಡತಿ ತುಂಗಮ್ಮ ಪಕ್ಕದಲ್ಲಿ ಕೂತು ಕೇಳಿದಳು:

"ಅಂತರಪಟ ಸಿಗದೇ ಹೋದ್ರೆ?"

"ನನ್ನ ಹೊಸ ಶಲ್ಯ ಇದೆ."

"ಜೀರಿಗೆ ಬೆಲ್ಲ ಇರುವೆ ಪಾಲಾದ್ರೆ?"

"ಇನ್ನೊಂದು ಉಂಡೆ ಕಟ್ಟಿದೀನಿ."

"ತಾಳಿನೇ ಕಳೆದುಹೋದ್ರೆ?"

"ಬಿಡ್ತು ಅನ್ನು! ಶುಭಕಾರ್ಯಕ್ಕೆ ಹೊರಟವನ ಮುಂದೆ ಇದೆಂಥ ಮಾತೇ?" ಭಟ್ಟರು ಗದರಿದರು. ತುಂಗಮ್ಮ "ಬಿಡ್ತು" ಅಂದಳು. ಆದರೆ ಅವರು ಕೈಕಾಲು ತೊಳೆಯಲು ಹೋದಾಗ ಗಂಟಿನೊಳಗೆ ಏನೋ ತುರುಕಿದಳು.

ಮದುವೆ ದಿನ ಬಂತು. ನೀರಿನ ಮೇಲೆ ತೂತಿನ ಗಳಿಗೆ ಬಟ್ಟಲು ತೇಲುತ್ತಿತ್ತು. ಅದು ಮುಳುಗುವುದರೊಳಗೆ ತಾಳಿ ಕಟ್ಟಬೇಕು.

ವಧೂವರರ ನಡುವೆ ಹಿಡಿಯುವ ಅಂತರಪಟವೇ ಇಲ್ಲ! ಎಲ್ಲಿತ್ತು ಗೊತ್ತೇ? ಭುಜಂಗಶಾಸ್ತ್ರಿ ಅದರ ಮೇಲೆ ಕೂತಿದ್ದ. ಭಟ್ಟರು ಗಂಟು ಬಿಚ್ಚಿ ಶಲ್ಯ ಹಿಡಿಸಿದರು. ಬಟ್ಟಲಿಗೆ ಕಾಲುಭಾಗ ನೀರು ಬಂತು.

ಒಬ್ಬರ ತಲೆ ಮೇಲೊಬ್ಬರು ಇಡುವ ಜೀರಿಗೆ ಬೆಲ್ಲವೂ ಇಲ್ಲ! ಶಾಸ್ತ್ರಿ ಅದನ್ನು ಮದುಮಗನ ಕುದುರೆಗೆ ತಿನ್ನಿಸಿದ್ದ. ಕುದುರೆ ಇನ್ನೂ ತುಟಿ ನೆಕ್ಕುತ್ತಿತ್ತು. ಭಟ್ಟರು ಗಂಟು ಬಿಚ್ಚಿ ಉಂಡೆ ತೆಗೆದರು. ಬಟ್ಟಲು ಅರ್ಧ ತುಂಬಿತು.

ತಾಳಿಯನ್ನು ತೆಂಗಿನಕಾಯಿ ಮೇಲಿಟ್ಟು, ಹಿರಿಯರೆಲ್ಲ ಮುಟ್ಟಿ ಹರಸಲಿ ಅಂತ ತಟ್ಟೆ ಕಳಿಸಿದರು. ಸಭೆ ಸುತ್ತಿ ಬಂದ ತಟ್ಟೆಯಲ್ಲಿ ಕಾಯಿ ಇತ್ತು, ತಾಳಿ ಇರಲಿಲ್ಲ!

ರಾಣಿ ಎದೆ ಹಿಡಿದುಕೊಂಡಳು. ರಾಜ ಮೀಸೆ ಹಿಡಿದುಕೊಂಡ. ಬಟ್ಟಲು ವಾಲತೊಡಗಿತು. ಭಟ್ಟರು ಗಂಟಿನತ್ತ ನೋಡಿದರು. ಇದಕ್ಕೆ ಮಾತ್ರ ತಾವು ಏನೂ ಕಟ್ಟಿರಲಿಲ್ಲವಲ್ಲ! ಆದರೂ ಗಂಟಿನ ತಳಕ್ಕೆ ಕೈ ಹಾಕಿದರು. ಬೆರಳಿಗೆ ಸಿಕ್ಕಿತು ಅರಿಶಿನ ದಾರ, ದಾರದ ತುದಿಗೆ ಅರಿಶಿನದ ಕೊಂಬು. ಭಟ್ಟರ ಕಣ್ಣಲ್ಲಿ ನೀರು ಬಂತು. "ನನ್ನ ತುಂಗೀ!" ಅಂದರು, ಸಭೆ ಅಂತಲೂ ನೋಡದೆ.

"ಬಡವರ ಮನೇಲಿ ಇದೇ ತಾಳಿ, ಪ್ರಭು. ಶಾಸ್ತ್ರಕ್ಕೆ ಸಲ್ಲುತ್ತೆ. ಗಟ್ಟಿಮೇಳ!"

ಮದುಮಗ ಮೂರು ಗಂಟು ಹಾಕಿದ. ಬಟ್ಟಲು ಗುಳುಕ್ ಅಂತ ಮುಳುಗಿತು. ಆಗ ಭಟ್ಟರು ಸಭೆಯ ಕಡೆ ನೋಡಿದರು. ಎಲ್ಲರೂ ಕೈ ಮುಗಿದಿದ್ದರು, ಒಬ್ಬನ ಬಲಗೈ ಮಾತ್ರ ಬಿಗಿಮುಷ್ಟಿ.

"ಆಸ್ಥಾನದ ಹಿರಿಯರು ಮೊದಲು ಅಕ್ಷತೆ ಹಾಕಲಿ. ಬಲಗೈಯಲ್ಲೇ ಹಾಕ್ಬೇಕು ಶಾಸ್ತ್ರಿಗಳೇ, ಎಡಗೈ ಸಲ್ಲದು!"

ಸಭೆಯ ಕಣ್ಣೆಲ್ಲ ಅವನ ಮೇಲೆ. ಶಾಸ್ತ್ರಿ ತುದಿಬೆರಳಲ್ಲಿ ನಾಲ್ಕು ಕಾಳು ಹಿಡಿದು ಎಸೆದ. ಬೆವರಿದ ಕೈ ಜಾರಿತು. ಕಾಳಿನ ಜೊತೆ ಚಿನ್ನದ ತಾಳಿಯೂ ಹಾರಿ ಮದುಮಗನ ಕಿವಿಗೆ ನೇತುಬಿತ್ತು!

"ಕತ್ತೆ ತನ್ನಿ!" ರಾಜ ಗುಡುಗಿದ.

"ಬೆಳಗ್ಗೆನೇ ಬಾಗಿಲಲ್ಲಿ ಕಟ್ಟಿದೆ ಪ್ರಭು," ಅಂದ ಕಾವಲುಗಾರ. "ಭಟ್ಟರಿಗೆ ಬೇಕಾಗುತ್ತೆ ಅಂತ ಶಾಸ್ತ್ರಿಗಳೇ ಮೈ ತೊಳೆಸಿ, ಹೂವಿನ ಹಾರ ಹಾಕಿಸಿ ಇಟ್ಟಿದಾರೆ."

ಹಾರ ಹಾಕಿದ ಕತ್ತೆ ಮೇಲೆ ಹಿಂದುಮುಂದಾಗಿ ಕೂತು ಶಾಸ್ತ್ರಿ ಗಡಿ ದಾಟಿದ. ಭಟ್ಟರು ಮನೆಗೆ ಹೋಗಿ ಮದುವೆಯ ಮೊದಲ ಲಾಡು ತುಂಗಮ್ಮನ ಕೈಗಿಟ್ಟರು.

ತಿಳೀತೇನ್ರಪ್ಪಾ? ವಿಘ್ನ ಬಂದೀತು ಅಂತ ಮೊದಲೇ ಯೋಚಿಸೋದು ಅಪಶಕುನ ಅಲ್ಲ, ಜಾಣತನ. ಇನ್ನೊಬ್ಬರಿಗೆ ವಿಘ್ನ ತರೋದೇ ಅಪಶಕುನ. ಹಾಗೆ ತರುವವನು ಕಟ್ಟಿಟ್ಟ ಕತ್ತೆ ಕೊನೆಗೆ ಅವನನ್ನೇ ಹೊರುತ್ತೆ. ಹ್ಞಾಂ, ಈಗ ಕಡಲೆ ತಗೊಳ್ಳಿ.