ಆಯಿತು ಎಂದ ಎಸ್‌ಎಸ್‌ಡಿ

ನರ್ಸ್ ಫ್ಲೋರಿನ್ ಅಂಗೈ ಮೇಲೆ ಪೆನ್ನಿನಲ್ಲಿ ಗೀಚಿಕೊಂಡಿದ್ದನ್ನು ಆಸ್ಪತ್ರೆಯ ಕಂಪ್ಯೂಟರಿಗೆ ಹಾಕಿದಳು: ‘ಕುಸುಮಾಕ್ಷಿಗೆ ಪೆನಿಸಿಲಿನ್ ಅಲರ್ಜಿ, ಕೊಡಕೂಡದು.’

“ಬರೆದಿಟ್ಟೆಯಾ?” ಎಂದು ಕಂಪ್ಯೂಟರ್, ಮಾಹಿತಿ ಬರೆದಿಡುವ ತನ್ನ ಹೊಸ ವೇಗದ ಡಿಸ್ಕ್ ಎಸ್‌ಎಸ್‌ಡಿಯನ್ನು ಕೇಳಿತು.

“ಆಯಿತು.”

ಪರದೆಯ ಮೇಲೆ ‘ಸೇವ್ ಆಗಿದೆ’ ಎಂದು ಬಂದದ್ದೇ ಫ್ಲೋರಿನ್ ಸೋಪು ಹಚ್ಚಿ ಕೈ ತೊಳೆದಳು.

ಪಕ್ಕದ ಹಳೆಯ ಹಾರ್ಡ್ ಡಿಸ್ಕ್ ಗದರಿತು: “ನೀನು ಅದನ್ನು ನೆನಪಿನಲ್ಲಷ್ಟೇ ಹಿಡಿದಿದ್ದೀಯ, ಇನ್ನೂ ಬರೆದಿಲ್ಲ. ಕರೆಂಟು ಹೋದರೆ ಆ ನೆನಪು ಅಳಿಸಿಹೋಗುತ್ತದೆ, ಆಗೇನು ಗತಿ?”

“ತಡ ಮಾಡುತ್ತೀಯ ಎಂದೇ ನಿನ್ನನ್ನು ಮೂಲೆಗೆ ತಳ್ಳಿದ್ದು. ಈಗ ಬರೆಯುತ್ತೇನೆ, ಸುಮ್ಮನಿರು.”

ಅಷ್ಟರಲ್ಲಿ ಕರೆಂಟು ಹೋಯಿತು.

ಅದು ಮರಳಿ ಬರುವಾಗ ಡ್ಯೂಟಿ ಬದಲಾಗಿತ್ತು. ಬೇರೊಬ್ಬ ನರ್ಸ್ ಪೆನಿಸಿಲಿನ್ ಸಿರಿಂಜ್ ಹಿಡಿದುಕೊಂಡೇ ಕಂಪ್ಯೂಟರಿನಲ್ಲಿ ಕುಸುಮಾಕ್ಷಿಯ ಹೆಸರು ಒತ್ತಿದಳು.

“ಕೊಡಬಾರದೆಂದು ಎಲ್ಲೂ ಬರೆದಿಲ್ಲ,” ಎಂದಿತು ಎಸ್‌ಎಸ್‌ಡಿ.

ಈ ಸಲ ಅದು ಸುಳ್ಳು ಹೇಳಿರಲಿಲ್ಲ.