ಅಗ್ಗದ ಪೇಟಿ

ಗದಗಿನ ವಾದ್ಯದಂಗಡಿಯಲ್ಲಿ ಹಾರ್ಮೋನಿಯಂ ಪೇಟಿ ರಿಪೇರಿ ಮಾಡುತ್ತಿದ್ದ ದಾವಲಸಾಬನಿಗೆ ಮೂಲೆಯ ಹಳೇ ಪೇಟಿಯ ಮೇಲೆ ಜೀವ. ಅಂಗಡಿಯ ಸಾವಕಾರರು ಊಟಕ್ಕೆ ಹೋದಾಗ ನುಡಿಸಲು ಕೂಡುತ್ತಿದ್ದ. ಹಾಡು ಮುಗಿಯುವ ಮೊದಲೇ ಅವರು ಬಂದುಬಿಡುತ್ತಿದ್ದರು.

ಒಂದು ದಿನ ಸಾವಕಾರರು ಗುಡುಗಿದರು: “ದಸರಾದೊಳಗ ಈ ಪೇಟಿ ಹೋಗಲಿಲ್ಲಂದ್ರ ನೀನೂ ಬ್ಯಾಡ, ಪೇಟಿನೂ ಬ್ಯಾಡ. ರೇಟು ನೀನ ಹಚ್ಚು!”

ದಾವಲಸಾಬ ಐದುನೂರರ ಚೀಟಿ ಅಂಟಿಸಿದ. ಬಂದವರೆಲ್ಲ, “ಇಷ್ಟ ಅಗ್ಗ? ಒಳಗ ಏನೋ ಕೆಟ್ಟಿರಬೇಕು” ಎಂದು, ಮುಟ್ಟಿಯೂ ನೋಡದೆ, ಪಕ್ಕದ ಹತ್ತು ಸಾವಿರದ್ದನ್ನೇ ಕೊಂಡರು.

ದಸರಾ ಬಂತು. “ಐದುನೂರಕ್ಕೂ ಹೋಗಲಿಲ್ಲಲ್ಲೋ! ನೀನ ಒಯ್ಯಿ, ಪಗಾರದಾಗ ಮುರ್ಕೋತೀನಿ” ಎಂದು ಸಾವಕಾರರು ಹಣೆ ಬಡಿದುಕೊಂಡರು. ದಾವಲಸಾಬ ಸಪ್ಪೆ ಮುಖ ಮಾಡಿಕೊಂಡೇ ಪೇಟಿ ಹೊತ್ತ.

ಮನೆಯಲ್ಲಿ ಹೆಂಡತಿ ಬೆಲೆ ಕೇಳಿ, “ಒಳಗ ಏನೋ ಕೆಟ್ಟಿರಬೇಕು ನೋಡ್ರಿ” ಎಂದಳು.

ಅವನು ನಕ್ಕು ಪೇಟಿಯ ಮುಂದೆ ಕೂತ. ಅಷ್ಟು ವರ್ಷ ಅರ್ಧಕ್ಕೇ ನಿಂತಿದ್ದ ಹಾಡನ್ನು ಅಂದು ಕೊನೆಯವರೆಗೂ ನುಡಿಸಿದ.