ಅಂಚೆಗೆ ಬಿದ್ದ ನೆರಳು

ಒಂದು ಊರು. ಆ ಊರಿಗೆ ಇಬ್ಬರು ಸೂರ್ಯರು. ಅದರ ಚಿತ್ರ ಬರೆಯಲು ಕೂತವನು ಅಲ್ಲಿನ ಹೆಂಗಸಿಗೆ ಒಂದೇ ಒಂದು ನೆರಳು ಕೊಟ್ಟ. ಪತ್ರಿಕೆ ಅಚ್ಚಾಯಿತು, ಅಂಚೆಗೂ ಹೋಯಿತು. ಆಮೇಲೆ ಏನಾಗಿರಬಹುದು, ಹೇಳಿ ನೋಡೋಣ?

ಸಂಪಾದಕರು ಬೈದರು ಅಂತೀರಾ? ಇಲ್ಲ. ಓದುಗರು ಚಂದಾ ನಿಲ್ಲಿಸಿದರು ಅಂತೀರಾ? ಅದೂ ಇಲ್ಲ. ಯಾರೂ ಗಮನಿಸಲೇ ಇಲ್ಲ ಅನ್ನುವವರು ಸಣ್ಣ ಪತ್ರಿಕೆಯ ಓದುಗರನ್ನು ಕಂಡವರಲ್ಲ.

ಒಬ್ಬ ಸೂರ್ಯ ಆರಿಹೋದ. ಆದದ್ದು ಅದು.

ಕಪಿಲೆಯ ದಡದಲ್ಲಿ ಒಂದು ಹಳೆಯ ಛತ್ರ. ಅದರ ಹಿಂದಿನ ಕೋಣೆಯಲ್ಲಿ ಕಾಲಿನಿಂದ ತುಳಿಯುವ ಒಂದು ಅಚ್ಚಿನ ಯಂತ್ರ, ಒಬ್ಬ ಮೇಷ್ಟ್ರು, ಒಬ್ಬ ಶಿಷ್ಯ. ಮೇಷ್ಟ್ರ ಹೆಸರು ಶಿವಮಾದಪ್ಪ. ಶಿಷ್ಯ ಇಂದುಧರ.

ಅಲ್ಲಿಂದ ಮೂರು ತಿಂಗಳಿಗೊಮ್ಮೆ 'ಹಗಲುಚುಕ್ಕಿ' ಹೊರಡುತ್ತಿತ್ತು. ಮೂವತ್ತೆರಡು ಪುಟ. ಯಾರೂ ಕಾಣದ ಲೋಕಗಳ ಕವಿತೆ, ಅದಕ್ಕೆ ತಕ್ಕ ಚಿತ್ರ, ಅಷ್ಟೇ. ರಾಜಕೀಯವಿಲ್ಲ, ಅಡುಗೆಯಿಲ್ಲ, ವಾರಭವಿಷ್ಯವಂತೂ ಇಲ್ಲವೇ ಇಲ್ಲ. ಚಂದಾದಾರರು ನೂರ ನಲವತ್ತಮೂರು ಮಂದಿ. ಅಷ್ಟೂ ಜನರ ವಿಳಾಸ ಮೇಷ್ಟ್ರಿಗೆ ಬಾಯಿಪಾಠ.

ಚಿತ್ರ ಕೆತ್ತುವುದು ಇಂದುಧರನ ಕೆಲಸ. ಲಿನೋಲಿಯಂ ತುಂಡಿನ ಮೇಲೆ ಪೆನ್ಸಿಲಿನಿಂದ ಬರೆದುಕೊಂಡು ಉಳಿಯಿಂದ ಕೆತ್ತಬೇಕು. ಉಳಿ ತಾಗಿದ್ದು ಬಿಳುಪು, ಬಿಟ್ಟದ್ದು ಕಪ್ಪು. ಕೆತ್ತಿ ಎಸೆದದ್ದನ್ನು ಮತ್ತೆ ತಂದು ಅಂಟಿಸುವಂತಿಲ್ಲ.

ಅಚ್ಚಿಗೆ ಮುಂಚೆ ಮೇಷ್ಟ್ರು ಚಿತ್ರ ನೋಡುತ್ತಿರಲಿಲ್ಲ. ಅದು ಅಲ್ಲಿನ ಪದ್ಧತಿ. "ಕವಿತೆ ಓದಿದೋನು ಕೆತ್ತುತಾನೆ. ಅವನಿಗೆ ನಾನು ಕಾವಲು ಕೂರಲಾ?" ಎನ್ನುತ್ತಿದ್ದರು.

ಆ ಸಲ ಬಂದ ಕವಿತೆ ಸರಗೂರಿನ ಚಿಕ್ಕತಾಯಮ್ಮನದು. ಆಕೆ ಹಿಟ್ಟಿನ ಮಿಲ್ಲು ನಡೆಸುವವಳು. ಹಳೆಯ ಲಗ್ನಪತ್ರಿಕೆಯ ಹಿಂದಿನ ಖಾಲಿ ಜಾಗದಲ್ಲಿ ಬರೆದು ಕಳಿಸಿದ್ದಳು.

*ನಮ್ಮೂರಿಗೆ ಇಬ್ಬರು ಸೂರ್ಯರು.*
*ದೊಡ್ಡವನು ಬೆಲ್ಲದ ಬಣ್ಣ, ಚಿಕ್ಕವನು ಸುಣ್ಣದ ಬಣ್ಣ.*
*ನೀರಿಗೆ ಹೋದರೆ ಎರಡು ನೆರಳು ಜೊತೆಗೆ ಬರುತ್ತವೆ.*
*ಒಂದು ನನ್ನದು.*
*ಇನ್ನೊಂದು, ಬದುಕಿದ್ದರೆ*
*ನನ್ನಷ್ಟೇ ಎತ್ತರವಾಗುತ್ತಿದ್ದ ತಂಗಿಯದು.*

ಆ ಊರಿನ ಬಗ್ಗೆ ಇನ್ನೂ ಹನ್ನೊಂದು ಕವಿತೆ ಇವೆ, ಒಂದೊಂದಾಗಿ ಕಳಿಸುತ್ತೇನೆ ಎಂದು ಕೆಳಗೆ ಬರೆದಿದ್ದಳು.

ಇಂದುಧರ ಓದಿದ. ಕೊಡ ಹೊತ್ತ ಹೆಂಗಸನ್ನು ಬರೆದ. ಎರಡು ನೆರಳೂ ಬರೆದ. ದೂರ ಹಿಡಿದು ನೋಡಿದರೆ ಯಾಕೋ ಸಂತೆಯ ಹಾಗೆ ಕಂಡಿತು. ಒಂದು ನೆರಳನ್ನು ಉಳಿಯಿಂದ ಎಬ್ಬಿಸಿ ಎಸೆದ. ಚಿತ್ರ ಹಗುರಾಯಿತು, ಚೆಂದವೂ ಆಯಿತು.

ಸಂಚಿಕೆ ಹೋಗಿ ವಾರವಾಗಿತ್ತು. ಗುಂಡ್ಲುಪೇಟೆಯಿಂದ ಒಂದು ಕಾರ್ಡು ಬಂತು. ಬರೆದವರು ದರ್ಜಿ ಖುದ್ದೂಸ್ ಸಾಹೇಬರು. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು.

"ಪುಟ ಹನ್ನೊಂದರಲ್ಲಿ ಒಂದು ನೆರಳು ಕಡಿಮೆ ಇದೆ. ಅಂಚೆಯಲ್ಲಿ ಬಿದ್ದುಹೋಯಿತೋ, ನಿಮ್ಮಲ್ಲೇ ಉಳಿಯಿತೋ?"

ಇಂದುಧರ ನಕ್ಕ. "ಬಟ್ಟೆ ಅಳೆಯೋರು ನೆರಳನ್ನೂ ಅಳೀತಾರಲ್ಲ ಮೇಷ್ಟ್ರೇ!"

ಮೇಷ್ಟ್ರು ನಗಲಿಲ್ಲ. "ಎಲ್ಲಿ ಹೋಯ್ತು ನೆರಳು?"

"ನಾನೇ ತೆಗೆದೆ. ಕಣ್ಣಿಗೆ ಒತ್ತುತ್ತಿತ್ತು."

"ಕವಿತೆಯಲ್ಲಿ ಇತ್ತಲ್ಲ."

"ಅದು ಕಲ್ಪನೆ ತಾನೇ? ಇಲ್ಲದ ಊರು, ಇಲ್ಲದ ಸೂರ್ಯ. ತಪ್ಪು ಅನ್ನೋಕೆ ಆ ಊರನ್ನ ನೋಡಿದೋರು ಯಾರಿದಾರೆ?"

"ಒಬ್ಬರಿದಾರೆ," ಎಂದರು ಮೇಷ್ಟ್ರು. "ಹೋಗಿ ಕೇಳಿಕೊಂಡು ಬಾ."

ಎರಡು ಬಸ್ಸು ಬದಲಿಸಿ ಇಂದುಧರ ಸರಗೂರಿಗೆ ಹೋದ.

ಮಿಲ್ಲಿನ ಬೆಲ್ಟು ಬಡಬಡ ತಿರುಗುತ್ತಿತ್ತು. ಚಿಕ್ಕತಾಯಮ್ಮನ ರೆಪ್ಪೆಯ ಮೇಲೂ ಹಿಟ್ಟು.

"ರಾಗಿನಾ, ಗೋದಿನಾ?" ಎಂದಳು, ತಲೆ ಎತ್ತದೆ.

"ಎರಡೂ ಅಲ್ಲಮ್ಮ. ಹಗಲುಚುಕ್ಕಿಯಿಂದ ಬಂದೆ. ನಿಮ್ಮ ಕವಿತೆಗೆ ಚಿತ್ರ ಕೆತ್ತಿದೋನು."

ಆಕೆ ಮೋಟಾರು ನಿಲ್ಲಿಸಿದಳು. ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನೀನಾ ಅದು? ಚೆನ್ನಾಗಿ ಮಾಡಿದೀಯ ಕಣಪ್ಪ. ನನ್ನ ಸೊಂಟ ಮಾತ್ರ ಭಾಳ ಸಣ್ಣ ಮಾಡಿಬಿಟ್ಟಿದೀಯ. ಅದಕ್ಕೇನೂ ನನಗೆ ಬೇಜಾರಿಲ್ಲ, ಬಿಡು."

"ಅಮ್ಮ, ಆ ಇನ್ನೊಂದು ನೆರಳು..."

"ಹೂಂ, ನೋಡಿದೆ. ನಾನೇ ತಪ್ಪು ಬರೆದಿದ್ದೆ."

"ನೀವಲ್ಲಮ್ಮ! ತಪ್ಪು ನನ್ನದು."

"ನಿಂದು ಹೆಂಗಾಗುತ್ತೆ? ನೀನು ಓದಿದೋನು. ಅಚ್ಚಲ್ಲಿ ಬಂದಮೇಲೆ ಮುಗೀತಲ್ಲ."

ಗೋಡೆಯ ಗೂಡಿನಿಂದ ಆಕೆ ಲಗ್ನಪತ್ರಿಕೆಗಳ ಒಂದು ಕಟ್ಟು ತೆಗೆದು ತೋರಿಸಿದಳು. ಶಾಯಿಯಲ್ಲಿ ಬರೆದ ಹನ್ನೊಂದು ಕವಿತೆ. ಎಲ್ಲದರಲ್ಲೂ ಚಿಕ್ಕ ಸೂರ್ಯ ಇದ್ದ ಸಾಲಿನ ಮೇಲೆ ಪೆನ್ಸಿಲಿನ ಗೀಟು. ಗಟ್ಟಿಯಾಗಿ, ಎರಡೆರಡು ಸಲ.

ಇಂದುಧರ ಒಂದು ಗೀಟಿನ ಮೇಲೆ ಬೆರಳಿಟ್ಟ. "ಮತ್ತೆ... ನಿಮ್ಮ ತಂಗಿ?"

"ಅವನಿಲ್ಲದ ಮೇಲೆ ಅವಳಿಗೆ ಎಲ್ಲಿ ಜಾಗ?"

"ಈ ಕವಿತೆಗಳನ್ನ ಪತ್ರಿಕೆಗೆ ಕೊಡಲ್ವಾ?"

"ಒಬ್ಬನೇ ಸೂರ್ಯ ಇರೋ ಊರಿನ ಬಗ್ಗೆ ಏನಂತ ಬರೆಯೋದಪ್ಪ? ಅಲ್ಲೇ ಇದೀನಲ್ಲ."

ಹೊರಗೆ ಯಾರೋ ಡಬ್ಬ ಬಡಿದರು. ಆಕೆ ಮೋಟಾರು ಹಾಕಿದಳು. ಆ ಸದ್ದಿನಲ್ಲಿ ಇಂದುಧರ ಹೇಳಿದ ಒಂದು ಮಾತೂ ಅವಳಿಗೆ ಕೇಳಿಸಲಿಲ್ಲ.

ಛತ್ರಕ್ಕೆ ಮರಳಿದವನು ಮೇಷ್ಟ್ರ ಎದುರು ನೆಲದ ಮೇಲೆ ಕೂತ.

"ಮೇಷ್ಟ್ರೇ, ನಾನು ಒಬ್ಬ ಸೂರ್ಯನನ್ನ ಕೊಂದೆ."

"ಒಬ್ಬಳು ಹುಡುಗಿಯನ್ನೂ," ಎಂದರು ಮೇಷ್ಟ್ರು. "ಊಟ ಆಯ್ತಾ?"

"ಮುಂದಿನ ಸಂಚಿಕೇಲಿ ತಿದ್ದುಪಡಿ ಹಾಕಿಬಿಡೋಣ. ಒಂದು ಸಾಲು."

"ತಿದ್ದುಪಡಿ ಓದಿ ಯಾರಿಗಾದರೂ ನೆರಳು ಬಂದದ್ದು ನೋಡಿದೀಯೇನೋ?"

ಮೇಷ್ಟ್ರು ಗುಂಡ್ಲುಪೇಟೆಯ ಕಾರ್ಡು ಎತ್ತಿಕೊಂಡರು.

"ಖುದ್ದೂಸ್ ಸಾಹೇಬರು ಏನು ಕೇಳಿದ್ದರು?"

"ನೆರಳು ನಿಮ್ಮಲ್ಲೇ ಉಳಿಯಿತೋ ಅಂತ."

"ಉಳಿದಿದೆ ತಾನೇ? ಕಳಿಸು."

ಮೇಷ್ಟ್ರು ಕಪಾಟಿನಿಂದ ಖಾಲಿ ಪೋಸ್ಟ್ ಕಾರ್ಡುಗಳ ಕಟ್ಟು ತೆಗೆದು ಮುಂದಿಟ್ಟರು. ಹಿಂಬದಿಯಲ್ಲಿ ನೆರಳು ಮಾತ್ರ ಇರಬೇಕು. ಹೆಂಗಸು ಬೇಡ, ಕೊಡ ಬೇಡ. ಮಾತೂ ಒಂದೇ: 'ಪುಟ ಹನ್ನೊಂದಕ್ಕೆ ಸೇರಿದ್ದು.'

ಇಂದುಧರ ಉಳಿಗೆ ಕೈ ಹಾಕಿದ. "ಒಂದು ಸಣ್ಣ ಅಚ್ಚು ಕೆತ್ತಿದರೆ ಮಧ್ಯಾಹ್ನದೊಳಗೆ ನೂರ ನಲವತ್ತಮೂರೂ ಒತ್ತಿಬಿಡ್ತೀನಿ."

"ಕೈಯಲ್ಲಿ ಬರಿ."

"ಎಲ್ಲಾನೂ?"

"ಹಗುರ ಮಾಡೋ ಆಸೆಗೇ ಅಲ್ವೇನಯ್ಯ ಮೊದಲನೇದು ಹೋದದ್ದು?"

ಕುಂಚ ಹಿಡಿದು ಕೂತ. ಮೊದಲ ಕಾರ್ಡಿನಲ್ಲೇ ಕೈ ನಿಂತಿತು. ಎರಡನೆಯ ನೆರಳು ಯಾವ ಕಡೆ ಬೀಳುತ್ತದೆ? ಕಪ್ಪೋ, ಬೂದಿಯೋ? ಅವನಿಗೆ ಗೊತ್ತೇ ಇರಲಿಲ್ಲ. ಆವತ್ತು ಪೆನ್ಸಿಲಿನಿಂದ ಬರೆದಾಗಲೂ ಗೊತ್ತಿರಲಿಲ್ಲ. ಸುಮ್ಮನೆ ಇನ್ನೊಂದನ್ನು ಬರೆದಿದ್ದ.

"ಮೇಷ್ಟ್ರೇ, ಇಲ್ಲದ ಸೂರ್ಯನ ನೆರಳನ್ನ ನಾನು ಹೆಂಗೆ ನೋಡಲಿ?"

ಮೇಷ್ಟ್ರು ಕ್ಷೌರದ ಕನ್ನಡಿ, ಕಾಫಿ ಲೋಟ ಎತ್ತಿಕೊಂಡು ಹೊಳೆಯ ಮೆಟ್ಟಿಲಿಗೆ ನಡೆದರು. ಲೋಟವನ್ನು ಕಲ್ಲಿನ ಮೇಲೆ ಬೋರಲು ಇಟ್ಟರು. ಬಿಸಿಲಿಗೆ ಒಂದು ನೆರಳು ಬಿತ್ತು. ಪಕ್ಕಕ್ಕೆ ಸರಿದು, ಬಿಸಿಲು ಲೋಟಕ್ಕೆ ಬೀಳುವ ಹಾಗೆ ಕನ್ನಡಿ ಓರೆ ಮಾಡಿದರು.

ಲೋಟದ ಬುಡದಿಂದ ಇನ್ನೊಂದು ನೆರಳು ಎದ್ದು ಬೇರೆ ದಿಕ್ಕಿಗೆ ಚಾಚಿಕೊಂಡಿತು. ತೆಳ್ಳಗೆ. ಮೇಷ್ಟ್ರ ಕೈ ನಡುಗಿದಾಗಲೆಲ್ಲ ಅದೂ ನಡುಗಿತು.

ಎರಡು ನೆರಳೂ ಲೋಟದ ಬುಡದಲ್ಲಿ ಕೂಡಿಕೊಂಡಿದ್ದವು. ಇಂದುಧರ ಅದನ್ನೇ ನೋಡುತ್ತ ಮೊಣಕಾಲೂರಿ ಕೂತ.

"ಕೈ ನೋಯ್ತಿದೆ, ಬೇಗ ನೋಡೋ," ಎಂದರು ಮೇಷ್ಟ್ರು.

ಕಾರ್ಡು ಮುಗಿಯಲು ಹದಿನೆಂಟು ದಿನ ಹಿಡಿಯಿತು. ಎಪ್ಪತ್ತನೆಯ ನೆರಳಿನ ಹೊತ್ತಿಗೆ ಅದಕ್ಕೆ ಜಡೆ ಬಂದಿತ್ತು. ನೂರರ ಆಚೆ ಅದು ಅಕ್ಕನಿಗಿಂತ ಒಂದು ಹೆಜ್ಜೆ ಮುಂದೆ ಓಡುವ ಹಾಗೆ ತೋರುತ್ತಿತ್ತು. ಹಾಗೆ ಬರೆಯಬೇಕೆಂದು ಅವನು ಅಂದುಕೊಂಡಿರಲಿಲ್ಲ.

"ಚಿಕ್ಕತಾಯಮ್ಮನಿಗೂ ಒಂದು ಕಳಿಸಲಾ?" ಎಂದು ಕೇಳಿದ.

"ಅವರಿಗ್ಯಾಕೆ? ಅವರ ಹತ್ತಿರ ಇದ್ದದ್ದೇ ಅದು. ಇಲ್ಲದೋರಿಗೆ ಕಳಿಸು."

ನೂರ ನಲವತ್ತಮೂರು ನೆರಳು ಅಂಚೆಗೆ ಬಿದ್ದವು. ಅಂಚೆ ಕಚೇರಿಯ ಕೌಂಟರಿನಲ್ಲಿದ್ದವರು ಒಂದನ್ನು ತಿರುಗಿಸಿ ನೋಡಿ, "ಏನ್ರೀ ಇದು, ಮಸಿ ಚೆಲ್ಲಿದೆಯಲ್ಲ," ಎಂದರು. ಇಂದುಧರ ವಿವರಿಸಲು ಹೋಗಲಿಲ್ಲ.

ಹತ್ತು ದಿನ ಏನೂ ಇಲ್ಲ. ಆಮೇಲೆ ಉತ್ತರಗಳು ಬರತೊಡಗಿದವು. ನಾಲ್ಕು, ಏಳು, ಒಂದೇ ದಿನ ಹದಿಮೂರು. ಮೇಷ್ಟ್ರು ಅವನ್ನೆಲ್ಲ ಒಂದು ಬಟ್ಟೆಯ ಚೀಲಕ್ಕೆ ಹಾಕಿ ಇಂದುಧರನ ಹೆಗಲಿಗೆ ಏರಿಸಿದರು.

"ಸರಗೂರಿಗೆ ಕೊಟ್ಟು ಬಾ. ನೀನು ಏನೂ ಹೇಳಬೇಡ. ಮೊದಲ ಸಲ ಹೇಳಿದ್ದು ಸಾಕು."

ಮಿಲ್ಲಿನ ಮುಂದೆ ಜನ ಡಬ್ಬ ಹಿಡಿದು ನಿಂತಿದ್ದರು. ಚಿಕ್ಕತಾಯಮ್ಮ ಕೈ ಒರೆಸಿಕೊಂಡು ಮೇಲಿನ ಕಾರ್ಡು ತೆಗೆದಳು. ಅದು ಖುದ್ದೂಸ್ ಸಾಹೇಬರದು.

"ನೆರಳು ಕ್ಷೇಮವಾಗಿ ತಲುಪಿತು. ಕತ್ತರಿಸಿ ಪುಟ ಹನ್ನೊಂದರಲ್ಲಿ ಅಂಟಿಸಿದೆ, ಅಳತೆ ಸರಿಯಾಗಿದೆ. ತಂಗಿಯ ಹೆಸರು ಮಾತ್ರ ಬರೆದಿಲ್ಲ. ಮನೆಯಲ್ಲಿ ಎಲ್ಲರೂ ಕೇಳುತ್ತಾರೆ."

ಇನ್ನೊಂದು ತೆಗೆದಳು. ಮತ್ತೊಂದು. ಹಿಟ್ಟಿನ ಬೆರಳಚ್ಚು ಕಾರ್ಡಿನಿಂದ ಕಾರ್ಡಿಗೆ ಹೋಯಿತು.

"ಇವರಿಗೆಲ್ಲ ಅವಳು ಕಂಡಳಾ?"

ಇಂದುಧರ ಹೌದೆಂದು ತಲೆಯಾಡಿಸಿದ.

"ಅಕ್ಕಾ, ನಮ್ಮ ರಾಗಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಿಲ್ಲೋ, ನಿನ್ನ ರಾಗಿ ಎಲ್ಲೂ ಓಡಿಹೋಗಲ್ಲ!"

ಆಕೆ ಮೋಟಾರು ನಿಲ್ಲಿಸಿದಳು. ತುರುಬಿನಲ್ಲಿ ಸಿಕ್ಕಿಸಿದ್ದ ಪೆನ್ಸಿಲು ತೆಗೆದಳು. ಯಾರದೋ ಮದುವೆಯ ಪತ್ರಿಕೆ ಹುಡುಕಿ, ಹಿಂದಕ್ಕೆ ತಿರುಗಿಸಿ, ಜೋಳದ ಮೂಟೆಯ ಮೇಲಿಟ್ಟು ಬರೆದಳು. ಬರೆದದ್ದನ್ನು ತಾನೇ ಓದಿಕೊಳ್ಳದೆ ಅವನ ಕೈಗೆ ಕೊಟ್ಟಳು. ಗೂಡಿನಲ್ಲಿದ್ದ ಕಟ್ಟನ್ನೂ ಕೊಟ್ಟಳು.

"ಆ ಗೀಟುಗಳನ್ನ ನೀನೇ ಅಳಿಸಿಕೋ. ರಬ್ಬರು ನಿನ್ನ ಹತ್ತಿರ ಇರುತ್ತಲ್ಲ."

ಸಂಜೆ ಛತ್ರದ ಜಗಲಿಯಲ್ಲಿ ಮೇಷ್ಟ್ರು ಆ ಲಗ್ನಪತ್ರಿಕೆ ಹಿಡಿದು ಓದಿದರು.

*ಹನ್ನೊಂದೂಕಾಲಿಗೆ ಚಿಕ್ಕವನು ಮತ್ತೆ ಬಂದ.*
*ದೇವೀರಿ, ಏಳೇ,*
*ನೀರಿಗೆ ಹೋಗೋಣ.*

ಚೆನ್ನಾಗಿದೆ ಅನ್ನಲಿಲ್ಲ. ಮತ್ತೊಮ್ಮೆ ಓದಿದರು, ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು.

"ಇದಕ್ಕೆ ಚಿತ್ರ ನಾನು ಕೆತ್ತಲಾ, ಇಲ್ಲಾ ಬೇರೆಯವರಿಗೆ ಕೊಡ್ತೀರಾ?" ಎಂದ ಇಂದುಧರ.

"ಉಳಿ ಆಮೇಲೆ ಹಿಡಿ. ಮೊದಲು ಪೆನ್ನು ತಗೋ, ಸಂಪಾದಕೀಯ ಹೇಳ್ತೀನಿ. ಒಂದೇ ವಾಕ್ಯ. 'ಈ ಪತ್ರಿಕೆಯ ತಪ್ಪಿನಿಂದ ಆರಿಹೋಗಿದ್ದ ಚಿಕ್ಕ ಸೂರ್ಯ ಮತ್ತೆ ಹುಟ್ಟಿದ್ದು ಸಾವಿರದ ಒಂಬೈನೂರ ತೊಂಬತ್ತಾರನೇ ಇಸವಿ, ಮಾರ್ಚ್ ಹದಿನಾಲ್ಕು, ಗುರುವಾರ.'"